ಪಂಡಿತ ಸುಂದರಲಾಲರು

(ಅಂತಿಮ ಬಿ.ಎ. ವಿದ್ಯಾರ್ಥಿನಿ, ಪರಶುರಾಂಪುರ)

ದೇಶಸೇವೆ ಮಾಡಿದ ಹಿರಿಯರಲ್ಲಿ ಕೆಲವರ ಹೆಸರನ್ನು ಊರೂರಿನ ವೃತ್ತಗಳಿಗೂ ಶಾಲೆಗಳಿಗೂ ಇಟ್ಟಿರುವುದನ್ನು ಕಾಣುತ್ತೇವೆ. ಇನ್ನು ಕೆಲವರು ಅವರಿಗಿಂತ ಕಡಮೆ ದುಡಿದವರೇನಲ್ಲ. ಆದರೂ ಅವರ ಹೆಸರು ಹೇಳಿದರೆ ಅವರು ಯಾರೆಂದು ಕೇಳುವ ಕಾಲ ಬಂದಿದೆ. ಪಂಡಿತ ಸುಂದರಲಾಲರು ಈ ಎರಡನೆಯ ಪಂಕ್ತಿಗೆ ಸೇರಿದವರು. ಉತ್ತರ ಹಿಂದೂಸ್ಥಾನದಲ್ಲಿ ಅವರ ಹೆಸರು ಒಂದು ಕಾಲಕ್ಕೆ ಮನೆಮಾತಾಗಿದ್ದಿತು. ನಮ್ಮ ಕನ್ನಡ ಸೀಮೆಗೆ ಅವರು ಬಂದದ್ದು ಬಹು ದುಃಖದ ಒಂದು ಕಾಲದಲ್ಲಿ. ಬಂದು, ಕಂಡದ್ದನ್ನು ಬರೆದಿಟ್ಟು ಹೋದರು. ಆ ಬರಹದ ಸಲುವಾಗಿಯೇ ಅವರ ಜೀವನವನ್ನು ನನ್ನ ಸಹಪಾಠಿಗಳ ಮತ್ತು ಗುರುಗಳ ಮುಂದೆ ಇಡಬೇಕೆಂದು ಆಶಿಸಿದ್ದೇನೆ.

ನಾನು ಪರಶುರಾಂಪುರದವಳು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗಳು. ತಂದೆ ತಾಯಿ ಶೇಂಗಾ ಹೊಲದಲ್ಲಿ ದುಡಿಯುವವರು. ನಮ್ಮ ಬೀದಿಯಲ್ಲಿ ಬಳೆ ಮಾರುವ ಸಾಬರ ಮನೆಯೊಂದಿದೆ. ಪೀರಲ ಹಬ್ಬ ಬಂದರೆ ನಮ್ಮ ಅಜ್ಜಿ ತಪ್ಪದೆ ಸಕ್ಕರೆ ಓದಿಸಿಕೊಂಡು ಬರುವಳು. ಯುಗಾದಿಗೆ ನಮ್ಮ ಮನೆಯ ಹೋಳಿಗೆ ಆ ಮನೆಗೆ ಹೋಗುವುದು. ಆ ಮನೆಯ ಅಜ್ಜಿಯ ತಾಯಿ ಬೀದರದ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಇಲ್ಲಿಗೆ ಬಂದವರಂತೆ. ಅಷ್ಟು ದೂರದಿಂದ ವೇದಾವತಿಯ ದಂಡೆಗೆ ಏಕೆ ಬಂದರೆಂದು ನಾನು ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದೆ. ಅದು ಪೊಲೀಸ್ ಆಕ್ಷನ್ನಿನ ವರ್ಷವೆಂದಷ್ಟೇ ಹೇಳಿ ಆ ಅಜ್ಜಿ ಮಾತು ತಿರುಗಿಸಿದರು. ನಮ್ಮದು ಹಳೆಯ ಮೈಸೂರು ಸೀಮೆ. ಹೈದರಾಬಾದಿನ ಆ ವರ್ಷ ನಮಗೆ ಶಾಲೆಯ ಪುಸ್ತಕದಲ್ಲಿ ನಾಲ್ಕು ಸಾಲಿನ ಸಂಗತಿ ಮಾತ್ರ. ಕಳೆದ ವರ್ಷ ಇತಿಹಾಸದ ಅಧ್ಯಾಪಕರು ಹೈದರಾಬಾದಿನ ವಿಲೀನವನ್ನು ಕುರಿತು ಪ್ರಬಂಧ ಬರೆಯಲು ಹೇಳಿ ಒಂದು ಪುಸ್ತಕವನ್ನು ಕೈಗೆ ಕೊಟ್ಟರು. ಅದರಲ್ಲಿ ಸುಂದರಲಾಲರ ಹೆಸರು ಮೊದಲ ಬಾರಿಗೆ ಕಣ್ಣಿಗೆ ಬಿದ್ದಿತು.

ಸುಂದರಲಾಲರು ಜನಿಸಿದ್ದು ಈಗಿನ ಉತ್ತರ ಪ್ರದೇಶದ ಮುಜಫ್ಫರನಗರ ಜಿಲ್ಲೆಯ ಖತೌಲಿಯಲ್ಲಿ, ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ. ಅಲಹಾಬಾದಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗಲೇ ಲಾಲಾ ಲಜಪತರಾಯರು, ಅರವಿಂದರು ಮೊದಲಾದವರ ಪ್ರಭಾವಕ್ಕೆ ಒಳಗಾದರು. ವಂಗಭಂಗದ ಚಳವಳಿಯಿಂದ ದೇಶದ ತರುಣರ ರಕ್ತ ಕುದಿಯುತ್ತಿದ್ದ ದಿನಗಳವು. 1909ರಲ್ಲಿ ಅವರು ಅಲಹಾಬಾದಿನಿಂದ ಕರ್ಮಯೋಗಿ ಎಂಬ ಹಿಂದಿ ಪತ್ರಿಕೆಯನ್ನು ಹೊರಡಿಸಿದರು. ಮರುವರ್ಷ ಬಂದ ಪತ್ರಿಕಾ ಶಾಸನದ ಬಿಸಿಗೆ ಅದು ನಿಂತುಹೋಯಿತು. ಅವರ ಬಾಳಿನುದ್ದಕ್ಕೂ ಬರಹಕ್ಕೂ ಸರ್ಕಾರಕ್ಕೂ ನಡೆದ ತಿಕ್ಕಾಟಕ್ಕೆ ಇದೇ ನಾಂದಿಯಾಯಿತೆನ್ನಬಹುದು.

ಮಹಾತ್ಮರು ಅಸಹಕಾರದ ಮಾರ್ಗವನ್ನು ತೋರಿದ ಮೇಲೆ ಸುಂದರಲಾಲರು ಅವರನ್ನು ಅನುಸರಿಸಿದರು. 1923ರಲ್ಲಿ ಜಬ್ಬಲಪುರದಲ್ಲಿ ರಾಷ್ಟ್ರಧ್ವಜವನ್ನು ಹಾರಿಸುವ ಹಕ್ಕಿಗಾಗಿ ಸತ್ಯಾಗ್ರಹ ನಡೆಯಿತು. ಅದರ ಮುಂಚೂಣಿಯಲ್ಲಿದ್ದವರು ಅವರೇ. ಅದಕ್ಕಾಗಿ ಸೆರೆಮನೆಯನ್ನೂ ಕಂಡರು. ಆ ಕಿಡಿ ನಾಗಪುರಕ್ಕೆ ಹಬ್ಬಿ ಝಂಡಾ ಸತ್ಯಾಗ್ರಹವಾಯಿತು. ನಮ್ಮ ನಾ. ಸು. ಹರ್ಡೀಕರರು ಕರ್ನಾಟಕದ ಸ್ವಯಂಸೇವಕರ ತಂಡದೊಡನೆ ನಾಗಪುರಕ್ಕೆ ಹೋಗಿ ಬಂಧಿತರಾದುದು ಇದೇ ಸತ್ಯಾಗ್ರಹದಲ್ಲಿ.

ಆದರೆ ಸುಂದರಲಾಲರಿಗೆ ದೇಶವ್ಯಾಪಿಯಾದ ಕೀರ್ತಿ ತಂದುದು ಅವರ ಬೃಹದ್ಗ್ರಂಥ. ಭಾರತದಲ್ಲಿ ಇಂಗ್ಲಿಷರ ರಾಜ್ಯಭಾರವನ್ನು ಕುರಿತು ಅವರು ಹಿಂದಿಯಲ್ಲಿ ಬರೆದ ಭಾರತ್ ಮೇಂ ಅಂಗ್ರೇಜೀ ರಾಜ್ 1929ರ ಮಾರ್ಚ್ ತಿಂಗಳಲ್ಲಿ ಹೊರಬಂದಿತು. ಕಂಪನಿ ಸರ್ಕಾರವು ನಮ್ಮ ರಾಜ್ಯಗಳನ್ನು ಹೇಗೆ ನುಂಗಿತು, ನಮ್ಮ ಕೈಕಸಬುಗಳನ್ನು ಹೇಗೆ ಮುರಿಯಿತು, ಹಿಂದೂ ಮುಸಲ್ಮಾನರ ನಡುವೆ ಒಡಕನ್ನು ಹೇಗೆ ಬೆಳೆಸಿತು ಎಂಬುದನ್ನು ದಾಖಲೆಗಳ ಆಧಾರದಿಂದ ನಿರೂಪಿಸಿದ ಗ್ರಂಥವದು. ಹೊರಬಂದ ಕೆಲವೇ ದಿನಗಳಲ್ಲಿ ಸರ್ಕಾರ ಅದನ್ನು ನಿಷೇಧಿಸಿತು. ಅಷ್ಟರೊಳಗೆ ಬಹುಪಾಲು ಪ್ರತಿಗಳು ಓದುಗರ ಕೈ ಸೇರಿದ್ದವು. ಉಳಿದವನ್ನು ಪೊಲೀಸರು ಹುಡುಕಿ ಹಿಡಿದರು. ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದ ಮೇಲೆ, 1937ರಲ್ಲಿ, ಆ ನಿಷೇಧ ಕಳಚಿತು. ಪರಕೀಯರ ಸರ್ಕಾರ ಮುಚ್ಚಿಟ್ಟ ಪುಸ್ತಕ ಎಂಟು ವರ್ಷಕ್ಕೆ ಬಿಡುಗಡೆ ಪಡೆಯಿತು. ಈ ಎಂಟು ವರ್ಷವೆಂಬ ಲೆಕ್ಕವನ್ನು ವಾಚಕರು ದಯವಿಟ್ಟು ನೆನಪಿನಲ್ಲಿಟ್ಟುಕೊಳ್ಳಬೇಕು.

ಹಿಂದೂ ಮುಸ್ಲಿಮ್ ಐಕ್ಯವು ಅವರಿಗೆ ಸಭೆಯಲ್ಲಿ ಆಡುವ ಮಾತಾಗಿರಲಿಲ್ಲ; ಬಾಳಿನ ವ್ರತವಾಗಿದ್ದಿತು. ಭಗವದ್ಗೀತೆಯನ್ನೂ ಕುರಾನನ್ನೂ ಜೊತೆಯಲ್ಲಿಟ್ಟು ಅವುಗಳ ಸಾರವನ್ನು ತಿಳಿಸುವ ಗ್ರಂಥವನ್ನು ಬರೆದರು. ಹಿಂದಿ ಉರ್ದು ಎರಡನ್ನೂ ಬೆಸೆಯುವ ಹಿಂದೂಸ್ಥಾನಿ ಭಾಷೆಗಾಗಿ ದುಡಿದರು. ಇಂಥವರಾದ್ದರಿಂದಲೇ 1948ರ ಕೊನೆಯಲ್ಲಿ ಭಾರತ ಸರ್ಕಾರಕ್ಕೆ ಇವರ ನೆನಪಾಯಿತು.

ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ 16 ಜಿಲ್ಲೆಗಳಿದ್ದವು. ನಮ್ಮ ಕಲಬುರ್ಗಿ, ರಾಯಚೂರು, ಬೀದರಗಳು ಅದಕ್ಕೆ ಸೇರಿದ್ದವು. ನಿಜಾಮನು ಭಾರತದ ಒಕ್ಕೂಟಕ್ಕೆ ಸೇರಲು ಒಪ್ಪದಿದ್ದ ದಿನಗಳಲ್ಲಿ ಕಾಸಿಂ ರಜ್ವಿಯ ರಜಾಕಾರರ ದಳ ಹಳ್ಳಿಗಳನ್ನು ನಡುಗಿಸಿತು. ಸುಲಿಗೆ, ಕೊಲೆ, ಹೆಣ್ಣುಮಕ್ಕಳ ಮೇಲಿನ ಅತ್ಯಾಚಾರ ನಡೆದವು. ಬೀದರ ಸೀಮೆಯ ಗೋರ್ಟಾ ಗ್ರಾಮದ ಹತ್ಯಾಕಾಂಡವನ್ನು ಆ ಕಡೆಯವರು ಇಂದಿಗೂ ಮರೆತಿಲ್ಲ. ಅನೇಕರು ಗಡಿ ದಾಟಿ ಹೋದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ರಜಾಕಾರರನ್ನು ವಿರೋಧಿಸಿದ ಮುಸಲ್ಮಾನರಿಗೂ ಉಳಿಗಾಲವಿರಲಿಲ್ಲ. ಇಮ್ರೋಜ್ ಪತ್ರಿಕೆಯ ತರುಣ ಸಂಪಾದಕ ಶೋಯಬುಲ್ಲಾ ಖಾನರನ್ನು 1948ರ ಆಗಸ್ಟಿನಲ್ಲಿ ನಡುಬೀದಿಯಲ್ಲಿ ಕೊಂದರು. ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಶರಣಾದನು. ಈಗ ಕಲ್ಯಾಣ ಕರ್ನಾಟಕವೆಂದು ಕರೆಯುವ ಆ ಜಿಲ್ಲೆಗಳಲ್ಲಿ ಪ್ರತಿ ವರ್ಷ ಆ ದಿನ ಧ್ವಜಾರೋಹಣ ನಡೆಯುವುದು ಸರಿಯಾಗಿಯೇ ಇದೆ.

ಆದರೆ ಶಾಲೆಯ ಪುಸ್ತಕದ ನಾಲ್ಕು ಸಾಲು ಅಲ್ಲಿಗೆ ಮುಗಿದುಹೋಗುತ್ತದೆ. ಮುಂದಿನ ವಾರಗಳಲ್ಲಿ ಏನಾಯಿತೆಂಬುದು ಅದರಲ್ಲಿಲ್ಲ. ರಜಾಕಾರರು ಮಾಡಿದ ಪಾಪಕ್ಕೆ ಹಳ್ಳಿಹಳ್ಳಿಗಳಲ್ಲಿ ಏನೂ ಅರಿಯದ ಮುಸಲ್ಮಾನ ಕುಟುಂಬಗಳ ಮೇಲೆ ಸೇಡು ತೀರಿತು. ದೆಹಲಿಗೆ ಸುದ್ದಿಗಳು ಬರತೊಡಗಿದವು. ಜನರಲ್ಲಿ ಮತ್ತೆ ಸೌಹಾರ್ದವನ್ನು ಬೆಳೆಸಲೆಂದು ಭಾರತ ಸರ್ಕಾರವು ಒಂದು ಸದ್ಭಾವನಾ ನಿಯೋಗವನ್ನು ಕಳುಹಿಸಿತು. ಸುಂದರಲಾಲರು ಅದರ ನಾಯಕರು. ಅವರೊಡನೆ ಹೋದವರು ಕಾಜಿ ಅಬ್ದುಲ್ ಗಫಾರರು ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿಯವರು. ಕಾಜಿಯವರು ಹೈದರಾಬಾದಿನಲ್ಲಿ ಪಯಾಮ್ ಪತ್ರಿಕೆಯನ್ನು ನಡೆಸಿದ ಉರ್ದು ಲೇಖಕರು. ವೇಶ್ಯೆಯೊಬ್ಬಳು ಬರೆದ ಪತ್ರಗಳ ರೂಪದಲ್ಲಿ ಲೈಲಾ ಕೇ ಖುತೂತ್ ಎಂಬ ಕಾದಂಬರಿಯನ್ನು ರಚಿಸಿ, ಗಂಡಸರ ಸಮಾಜವು ಹೆಣ್ಣನ್ನು ನಡೆಸಿಕೊಳ್ಳುವ ಬಗೆಯನ್ನು ಬಯಲಿಗೆಳೆದವರು.

1948ರ ನವೆಂಬರ್ 29ರಿಂದ ಡಿಸೆಂಬರ್ 21ರ ವರೆಗೆ ಈ ಯಾತ್ರೆ ನಡೆಯಿತು. 16ರಲ್ಲಿ 9 ಜಿಲ್ಲೆಗಳನ್ನು ಅವರು ಸುತ್ತಿದರು. 7 ಜಿಲ್ಲಾ ಕೇಂದ್ರಗಳು, 21 ಪಟ್ಟಣಗಳು, 23 ಮುಖ್ಯ ಗ್ರಾಮಗಳನ್ನು ಕಂಡರು. ತಾವು ಹೋಗಲಾಗದ 109 ಹಳ್ಳಿಗಳಿಂದ ಬಂದ 500ಕ್ಕೂ ಹೆಚ್ಚು ಜನರ ಮಾತನ್ನು ಕೇಳಿದರು. 31 ಬಹಿರಂಗ ಸಭೆಗಳಲ್ಲಿ ಹಿಂದೂ ಮುಸ್ಲಿಮರಿಬ್ಬರಿಗೂ ಶಾಂತಿಯ ಮಾತನ್ನು ಹೇಳಿದರು. ಸುಂದರಲಾಲರಿಗೆ ಆಗ ವಯಸ್ಸು ಅರವತ್ತು ಮೀರಿದ್ದಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅವರನ್ನು ಕಳುಹಿಸಿದ್ದು ಸೌಹಾರ್ದಕ್ಕಾಗಿ. ನಡೆದುದರ ವಿಚಾರಣೆಗಾಗಿ ಅಲ್ಲ. ನಾಲ್ಕು ಒಳ್ಳೆಯ ಮಾತನಾಡಿ, ಹಾರ ಹಾಕಿಸಿಕೊಂಡು ಹಿಂದಿರುಗಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ. ಆದರೆ ಕಂಡುದನ್ನು ಸರ್ಕಾರಕ್ಕೆ ತಿಳಿಸದೆ ಇರುವುದು ಕರ್ತವ್ಯಲೋಪವೆಂದು ಸುಂದರಲಾಲರೂ ಕಾಜಿಯವರೂ ಭಾವಿಸಿದರು. ಕುಳಿತು ಒಂದು ವರದಿಯನ್ನು ಬರೆದರು. ಸುಂದರಲಾಲರ ಜೀವನದ ಎಲ್ಲ ಸತ್ಯಾಗ್ರಹಗಳಲ್ಲಿ ಇದೇ ಕಠಿಣವಾದುದೆಂದು ನನಗೆ ತೋರುತ್ತದೆ. ಪರಕೀಯರ ವಿರುದ್ಧ ಬರೆದಾಗ ಇಡೀ ದೇಶ ಬೆನ್ನಿಗಿರುತ್ತದೆ. ತಮ್ಮದೇ ಸರ್ಕಾರಕ್ಕೆ, ತಮ್ಮದೇ ಗೆಲುವಿನ ಮರುಗಳಿಗೆಯಲ್ಲಿ, ಕಹಿಯಾದುದನ್ನು ಬರೆದು ಕೊಡುವವನು ಒಬ್ಬಂಟಿಗ.

ಆ ವರದಿಯಲ್ಲಿ ರಜಾಕಾರರ ದೌರ್ಜನ್ಯವನ್ನು ಅವರು ಮುಚ್ಚಿಡಲಿಲ್ಲ. ಸೇಡಿಗೆ ಅದೇ ಮೂಲವೆಂಬುದನ್ನು ಒಪ್ಪಿದರು. ಆದರೆ ಅದನ್ನು ನೆಪಮಾಡಿಕೊಂಡು ಮುಂದಿನದನ್ನು ಮರೆಮಾಚಲೂ ಇಲ್ಲ. ಅತಿ ಕಡಮೆಯೆಂದರೂ 27 ಸಾವಿರದಿಂದ 40 ಸಾವಿರ ಜನ ಪೊಲೀಸ್ ಆಕ್ಷನ್ನಿನ ಕಾಲದಲ್ಲಿಯೂ ಅದರ ತರುವಾಯವೂ ಪ್ರಾಣ ಕಳೆದುಕೊಂಡರೆಂದು ಅಂದಾಜು ಮಾಡಿದರು. ಎಲ್ಲಕ್ಕಿಂತ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಕಲಬುರ್ಗಿ, ಬೀದರ ಮತ್ತು ನಾಂದೇಡ. ಇವುಗಳಲ್ಲಿಯೇ ಸತ್ತವರು 18 ಸಾವಿರಕ್ಕೆ ಕಡಮೆಯಿಲ್ಲ. ಕೊಲೆಯ ಜೊತೆಗೆ ಅತ್ಯಾಚಾರ, ಹೆಂಗಸರ ಅಪಹರಣ, ಲೂಟಿ, ಬೆಂಕಿ, ಬಲಾತ್ಕಾರದ ಮತಾಂತರ ನಡೆದುದನ್ನು ಹೇಳಿದರು. ಅಪಹರಿಸಿದ ಹೆಣ್ಣುಮಕ್ಕಳನ್ನು ಸೋಲಾಪುರದಂಥ ಹೊರಗಣ ಪಟ್ಟಣಗಳಿಗೆ ಸಾಗಿಸಿದುದೂ ಉಂಟು. ಹೆಣಗಳಿಂದ ತುಂಬಿದ ಬಾವಿಗಳನ್ನು ಅವರು ಕಣ್ಣಾರೆ ಕಂಡರು. ಅಂಥ ಒಂದು ಬಾವಿಯಲ್ಲಿ ಎಣಿಸಿದಾಗ 11 ಹೆಣಗಳಿದ್ದವು. ಕೂಸನ್ನು ಎದೆಗೆ ಅವಚಿಕೊಂಡಿದ್ದ ತಾಯಿಯೊಬ್ಬಳು ಅವುಗಳಲ್ಲಿದ್ದಳು. ಕೆಲವು ಕಡೆ ಸೈನಿಕರೂ ಪೊಲೀಸರೂ ಈ ಪಾಪದಲ್ಲಿ ಪಾಲುಗೊಂಡರೆಂದು ಬರೆಯಲು ಅವರು ಹಿಂಜರಿಯಲಿಲ್ಲ. ಸೈನ್ಯವು ಮುಸಲ್ಮಾನರನ್ನು ಕಾಪಾಡಿದ ಕಡೆ ಅದನ್ನೂ ಹೇಳಿ, ಸೇನಾಧಿಪತಿ ಜೆ. ಎನ್. ಚೌಧುರಿಯವರನ್ನು ಪಕ್ಷಪಾತವಿಲ್ಲದ ಸಜ್ಜನರೆಂದು ಮೆಚ್ಚಿದರು.

ಆ ಕತ್ತಲೆಯಲ್ಲಿಯೂ ದೀಪಗಳಿದ್ದವು. ತಮ್ಮ ಪ್ರಾಣವನ್ನೇ ಒತ್ತೆಯಿಟ್ಟು ನೆರೆಹೊರೆಯ ಮುಸಲ್ಮಾನರನ್ನು ಉಳಿಸಿದ ಹಿಂದೂಗಳ ಸಂಗತಿಗಳು ಅವರಿಗೆ ಅನೇಕ ಸಿಕ್ಕವು. ಒಂದೇ ಕಸಬಿನವರಲ್ಲಿ ಈ ಬಾಂಧವ್ಯ ವಿಶೇಷವಾಗಿ ಕಂಡಿತು. ಹಿಂದೂ ನೇಕಾರರು ಮುಸ್ಲಿಮ್ ನೇಕಾರರಿಗೆ ಅಡ್ಡವಾಗಿ ನಿಂತು, ತಮ್ಮವರ ಏಟಿಗೆ ತಾವೇ ಬಲಿಯಾದರು. ಅಪಹೃತರಾದ ಮುಸ್ಲಿಮ್ ಹೆಂಗಸರನ್ನು ಹುಡುಕಿ ತರುವುದರಲ್ಲಿ ಅನೇಕ ಹಿಂದೂಗಳು ನೆರವಾದರು. ಮೊಳಕಾಲ್ಮುರಿನ ರೇಷ್ಮೆಯ ಮಗ್ಗಗಳನ್ನೂ ನಮ್ಮ ಚಳ್ಳಕೆರೆ ಸೀಮೆಯ ಕಂಬಳಿಯ ಮಗ್ಗಗಳನ್ನೂ ನೋಡುತ್ತ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ಒಂದೇ ಗುಣಿಮಗ್ಗದ ನೋವು ನಲಿವು ತಿಳಿದವನಿಗೆ ಪಕ್ಕದ ಮಗ್ಗದವನ ಜಾತಿಗಿಂತ ಅವನ ಮನೆಯ ಹೆಣ್ಣುಮಕ್ಕಳ ಕೂಗು ಮೊದಲು ಕೇಳಿಸುತ್ತದೆ.

ವರದಿಯನ್ನು ಕೊಟ್ಟುದಾಯಿತು. ಗೃಹಖಾತೆಯನ್ನು ವಹಿಸಿದ್ದ ಸರ್ದಾರ್ ಪಟೇಲರು ಅದನ್ನು ಒಪ್ಪಲಿಲ್ಲ. ವಿಚಾರಣೆ ನಡೆಸುವ ಅಧಿಕಾರವೇ ನಿಯೋಗಕ್ಕೆ ಇರಲಿಲ್ಲವೆಂದೂ ರಜಾಕಾರರ ಕೃತ್ಯಗಳಿಗೆ ಸಾಕಷ್ಟು ಗಮನ ಕೊಡಲಿಲ್ಲವೆಂದೂ ಅವರ ಆಕ್ಷೇಪಣೆ. ಆಗತಾನೆ ಒಂದಾದ ದೇಶವನ್ನು ಹಿಡಿದು ನಿಲ್ಲಿಸುವ ಹೊಣೆ ಹೊತ್ತವರಿಗೆ ಇದ್ದ ಕಷ್ಟವನ್ನು ನಾವು ಅರಿಯಬೇಕು. ಆದರೂ ಸರ್ಕಾರ ಅದನ್ನು ಪ್ರಕಟಿಸಲಿಲ್ಲ. ಅದರ ಕೆಲವು ಭಾಗಗಳು ದಶಕಗಳ ಮೇಲೆ ವಿದ್ವಾಂಸರ ಮೂಲಕ ಹೊರಬಂದವು. 2013ರ ಹೊತ್ತಿಗೆ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದಲು ಸಿಗುವಂತಾಯಿತು. ಅದೇ ವರ್ಷ ಎ. ಜಿ. ನೂರಾನಿಯವರು ತಮ್ಮ ಗ್ರಂಥದಲ್ಲಿ ಅದನ್ನು ಅಚ್ಚು ಹಾಕಿಸಿದರು. ಪರಕೀಯರು ಮುಚ್ಚಿದ ಸುಂದರಲಾಲರ ಪುಸ್ತಕ 8 ವರ್ಷಕ್ಕೆ ಬೆಳಕು ಕಂಡಿತು. ನಮ್ಮವರು ಕಪಾಟಿನಲ್ಲಿಟ್ಟ ಅವರ ವರದಿ ಪೂರ್ತಿಯಾಗಿ ಜನರ ಕೈಗೆ ಬರಲು 60 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಅಷ್ಟರಲ್ಲಿ, ಯಾರಿಗೆ ನ್ಯಾಯ ಸಿಗಬೇಕಾಗಿದ್ದಿತೋ ಆ ಹೆಣ್ಣುಮಕ್ಕಳು ಬಹುಮಂದಿ ಮಣ್ಣಾಗಿದ್ದರು.

ಸುಂದರಲಾಲರನ್ನು ಗೌರವಿಸುತ್ತಲೇ ಒಂದು ಕೊರತೆಯನ್ನು ಹೇಳದಿದ್ದರೆ ಈ ಲೇಖನ ಬರಿಯ ಸ್ತುತಿಪಾಠವಾದೀತು. ವರದಿಯಲ್ಲಿ ಸತ್ತವರಿಗೆ ಲೆಕ್ಕವಿದೆ. ಕೆಟ್ಟದ್ದನ್ನು ಸಹಿಸಿ ಬದುಕಿ ಉಳಿದ ಹೆಣ್ಣುಮಕ್ಕಳಿಗೆ ಅಂಥ ಲೆಕ್ಕವಿಲ್ಲ. ಇದು ಅವರ ಅಲಕ್ಷ್ಯವೆಂದು ನಾನು ಹೇಳಲಾರೆ. ನಿಯೋಗದ ಮೂವರು ಸದಸ್ಯರೂ ಗಂಡಸರು. ಊರಿನ ಚಾವಡಿಯಲ್ಲಿಯೋ ಮಸೀದಿಯ ಕಟ್ಟೆಯ ಮೇಲೆಯೋ ಕುಳಿತ ಅಪರಿಚಿತ ಗಂಡಸರ ಮುಂದೆ ಯಾವ ಹೆಣ್ಣು ತನ್ನ ಮೇಲಾದುದನ್ನು ಹೇಳಿಯಾಳು? ಹೇಳಿದರೆ ಮನೆಯವರೇ ಕೈಬಿಟ್ಟಾರೆಂಬ ಭಯ ಬೇರೆ. ಮಾನಭಂಗ ಎಂಬ ಹಳೆಯ ಪದವನ್ನೇ ನೋಡಿ. ತಪ್ಪು ಮಾಡಿದವನದು, ಮುರಿದದ್ದು ಮಾತ್ರ ಅವಳ ಮಾನವೆಂದು ಆ ಪದ ಹೇಳುತ್ತದೆ.

ಇದೇ ಕಾಲದಲ್ಲಿ ಪಂಜಾಬಿನಲ್ಲಿ ದೇಶವಿಭಜನೆಯ ದಳ್ಳುರಿಗೆ ಸಿಕ್ಕ ಹೆಣ್ಣುಮಕ್ಕಳನ್ನು ಮರಳಿ ತರಲು ಎರಡು ಸರ್ಕಾರಗಳು 1947ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡಿದ್ದವು. ಮೃದುಲಾ ಸಾರಾಭಾಯಿ ಮೊದಲಾದ ಮಹಿಳೆಯರು ಅದಕ್ಕಾಗಿ ಹಗಲಿರುಳು ದುಡಿದರು. 1949ರಲ್ಲಿ ಒಂದು ಶಾಸನವೂ ಬಂದಿತು. ಆ ಶಾಸನದಲ್ಲಿಯೂ ಹೆಣ್ಣಿನ ಸ್ವಂತ ಇಚ್ಛೆಗೆ ಬೆಲೆಯಿರಲಿಲ್ಲವೆಂಬುದು ದೊಡ್ಡ ದೋಷ. ಅವಳು ಎಲ್ಲಿರಬೇಕೆಂಬುದನ್ನು ಅಧಿಕಾರಿಗಳೇ ನಿರ್ಣಯಿಸುತ್ತಿದ್ದರು. ಆದರೆ ಪಂಜಾಬ್, ದೆಹಲಿ, ಉತ್ತರ ಪ್ರದೇಶ, ರಾಜಸ್ಥಾನದ ಕಡೆಗೆ ಮಾತ್ರ ಅನ್ವಯಿಸಿದ ಆ ಶಾಸನ ಕಲಬುರ್ಗಿ ಬೀದರಗಳ ಹೆಣ್ಣುಮಕ್ಕಳ ಪಾಲಿಗೆ ಇರಲೇ ಇಲ್ಲ. ಅವರ ಪರವಾಗಿ ಇದ್ದುದು ಸುಂದರಲಾಲರ ವರದಿಯ ಕೆಲವು ಸಾಲುಗಳು.

ಕಾಲ ಬದಲಾಗಿಲ್ಲವೆಂದು ಹೇಳಲಾಗದು. ಕೋಮುಗಲಭೆಯ ಕಾಲದ ಅತ್ಯಾಚಾರವನ್ನು ಹೆಚ್ಚಿನ ಘೋರಾಪರಾಧವೆಂದು 2013ರಲ್ಲಿ ನಮ್ಮ ಕಾನೂನು ಬೇರೆಯಾಗಿ ಗುರುತಿಸಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಅದು ಇದೆ. 2002ರ ಗುಜರಾತಿನ ಗಲಭೆಯಲ್ಲಿ ನೊಂದ ಒಬ್ಬ ಹೆಣ್ಣುಮಗಳು ಎದೆಗುಂದದೆ ನಿಂತುದರಿಂದ 2008ರಲ್ಲಿ ಅಪರಾಧಿಗಳಿಗೆ ಶಿಕ್ಷೆಯಾಯಿತು. 2022ರಲ್ಲಿ ಅವರನ್ನು ಅವಧಿಗೆ ಮುನ್ನ ಬಿಟ್ಟಾಗ ಆಕೆ ಮತ್ತೆ ನ್ಯಾಯಾಲಯದ ಬಾಗಿಲು ತಟ್ಟಿದಳು. 2024ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಬಿಡುಗಡೆಯನ್ನು ರದ್ದು ಮಾಡಿತು. ಹೇಳುವವಳಿಗೆ ಧೈರ್ಯವೂ ಕೇಳುವವರಿಗೆ ಕಿವಿಯೂ ಇದ್ದರೆ ನ್ಯಾಯ ಅಸಾಧ್ಯವಲ್ಲವೆಂಬುದಕ್ಕೆ ಇದು ನಿದರ್ಶನ.

ಸುಂದರಲಾಲರ ಮುಂದಿನ ಜೀವನವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ವರದಿ ಮೂಲೆ ಸೇರಿತೆಂದು ಅವರು ಸುಮ್ಮನೆ ಕೂರಲಿಲ್ಲ. 1951ರಲ್ಲಿ ಭಾರತದ ಸದ್ಭಾವನಾ ನಿಯೋಗವನ್ನು ಚೀನಾಕ್ಕೆ ಕರೆದೊಯ್ದರು. ವಿಶ್ವಶಾಂತಿಯ ಚಳವಳಿಯಲ್ಲಿ ಬಹುಕಾಲ ದುಡಿದರು. ಹಿಂದೂ ಮುಸ್ಲಿಮ್ ಐಕ್ಯದ ಮಾತನ್ನು ಕೊನೆಯ ತನಕ ಬಿಡಲಿಲ್ಲ. 1981ರ ಮೇ ತಿಂಗಳಲ್ಲಿ, ತೊಂಬತ್ತು ವರ್ಷಗಳ ಗಡಿಯನ್ನು ದಾಟಿದ ವಯಸ್ಸಿನಲ್ಲಿ, ದೈವಾಧೀನರಾದರು. ತಮ್ಮ ವರದಿ ಪೂರ್ತಿಯಾಗಿ ಅಚ್ಚಾದುದನ್ನು ಅವರು ಕಾಣಲಿಲ್ಲ.

ಅವರು ಒಬ್ಬ ಹೆಣ್ಣಿಗಾದರೂ ನ್ಯಾಯ ಕೊಡಿಸಿದರೇ ಎಂದು ನನ್ನ ಗೆಳತಿಯೊಬ್ಬಳು ಕೇಳಿದಳು. ನ್ಯಾಯಾಲಯದ ನ್ಯಾಯವನ್ನು ಕೊಡಿಸಲು ಅವರಿಂದ ಆಗಲಿಲ್ಲ, ನಿಜ. ಆದರೆ ನ್ಯಾಯದ ಮೊದಲ ಮೆಟ್ಟಿಲು, ನಡೆದುದು ನಡೆಯಿತೆಂದು ಒಪ್ಪುವುದು. ಆ ಮೆಟ್ಟಿಲನ್ನು ಅವರು ಕಟ್ಟಿಟ್ಟು ಹೋದರು. ಬಲಿಯಾದವರು ಯಾವ ಧರ್ಮದವರು, ಕೆಡುಕು ಮಾಡಿದವರು ಯಾವ ಧರ್ಮದವರು ಎಂದು ನೋಡಿ ಲೇಖನಿ ಹಿಡಿದವರಲ್ಲ ಅವರು. ಗೋರ್ಟಾದ ತಾಯಿಗೂ ಆ ಬಾವಿಯ ತಾಯಿಗೂ ಒಂದೇ ಕಣ್ಣೀರನ್ನು ಸುರಿಸಲು ನಮಗೆ ಬಾರದಿದ್ದರೆ ನಾವು ಓದಿದ ಬಿ.ಎ. ವ್ಯರ್ಥವೆಂದೇ ನಾನು ಭಾವಿಸುತ್ತೇನೆ.

ಆ ಪುಸ್ತಕವನ್ನು ಓದಿದ ಮೇಲೆ, ರಜೆಯಲ್ಲಿ ಊರಿಗೆ ಹೋದಾಗ, ಬಳೆಯ ಅಜ್ಜಿಯ ಮನೆಗೆ ಹೋಗಿ ಕುಳಿತಿದ್ದೆ. ಬೀದರದ ಮಾತನ್ನು ನಾನು ಎತ್ತಲಿಲ್ಲ. ಅವರ ತಾಯಿಗೆ ಏನಾಗಿದ್ದಿತೋ ನನಗೆ ತಿಳಿಯದು. ಏನೂ ಆಗದೆಯೂ ಇರಬಹುದು. ಹೇಳುವುದು ಬಿಡುವುದು ಅವರ ಹಕ್ಕು. ಆದರೆ ಎಂದಾದರೂ ಹೇಳಬೇಕೆಂದು ಅವರಿಗೆ ಅನ್ನಿಸಿದರೆ, ಕೇಳಿಸಿಕೊಂಡು, ಅವರು ಒಪ್ಪಿದರೆ ಬರೆದಿಡಬಲ್ಲ ಒಬ್ಬ ಹೆಣ್ಣುಮಗಳು ಅದೇ ಬೀದಿಯಲ್ಲಿ ಈಗ ಇದ್ದಾಳೆ. ಈ ಧೈರ್ಯವನ್ನು ನನಗೆ ಕಲಿಸಿದ ಪಂಡಿತ ಸುಂದರಲಾಲರಿಗೆ ನನ್ನ ಭಕ್ತಿಪೂರ್ವಕ ನಮಸ್ಕಾರಗಳು.